ಎರಡನೇ ಭೇಟಿ
ಕೆಜಿಎಫ್‌ನ ಹುಡುಗ ಮಂಜುನಾಥ್ ಷಣ್ಮುಗಂ ಲಖನೌ ಐಐಎಂನಲ್ಲಿ ಓದಿ ಇಂಡಿಯನ್ ಆಯಿಲ್ ಅಧಿಕಾರಿಯಾದ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗ ಹಾಕಿಸಿದ. ಅದು ಮತ್ತೆ ತೆರೆದಾಗ, ಕಡತದಲ್ಲಿ ಬರೆದಾಗಿದೆ, ಇನ್ನು ನನಗೇನು ಎಂದು ಸುಮ್ಮನಿರಬಹುದಿತ್ತು (ಕಚೇರಿಗಳಲ್ಲಿ ನಾವು ಬಹುತೇಕರು ನಿಲ್ಲುವುದೇ ಅಲ್ಲಿ). ಅವನು ಹೇಳದೆ ಕೇಳದೆ ಇನ್ನೊಮ್ಮೆ ತಪಾಸಣೆಗೆ ಹೋದ. 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದ. ವಯಸ್ಸು 27. ಮೊದಲ ಭೇಟಿಯನ್ನು ನಿಯಮವೇ ಮಾಡಿಸುತ್ತದೆ. ಎರಡನೆಯದಕ್ಕೆ ಬೇಕಾದದ್ದು ಸ್ವಂತ ಎದೆಗಾರಿಕೆ. ಇಂಧನಕ್ಕೆ ಸೀಮೆಎಣ್ಣೆ ಬೆರೆಸುವುದರಲ್ಲಿದ್ದ ಲಾಭ ನೋಡಿದರೆ ಆ ಹುದ್ದೆಯಲ್ಲಿ ಕಣ್ಣುಮುಚ್ಚಿ ಬದುಕುವುದು ಬಲು ಸುಲಭವಿತ್ತು. ಬೆಳುವಾಯಿಯಿಂದ ಮೂಡುಬಿದಿರೆಗೆ ಹೊರಟು ಪೆಟ್ರೋಲ್ ಹಾಕಿಸುವ ನಮಗೂ ಬಂಕಿನಲ್ಲಿ ಕಲಬೆರಕೆ ನೋಡುವ ಫಿಲ್ಟರ್ ಪೇಪರ್ ಪರೀಕ್ಷೆ ಕೇಳುವ ಹಕ್ಕಿದೆ. ಹಿಂದಿನವನ ಹಾರ್ನಿಗೆ ಅಂಜಿ ಕೇಳುವುದಿಲ್ಲ, ಅಷ್ಟೆ.