ಅಡಿಕೆಗೆ ಸಿಕ್ಕ ಆಸರೆ ಸೊಪ್ಪಿಗೂ ಸಿಗಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆ ಎಂದರೆ ಅಡಿಕೆ ತೋಟದ ಜೊತೆಗೆ ಹಿತ್ತಿಲೂ ಇದ್ದೇ ಇರುತ್ತಿತ್ತು. ತ್ಯಾಗಲಿಯಂಥ ಹಳ್ಳಿಗಳಲ್ಲಿ ಬಸಳೆ, ಹರಿವೆ, ಮೊಗೆಕಾಯಿ, ತಂಬುಳಿಗೆ ಬೇಕಾದ ಒಂದೆಲಗ ದುಡ್ಡು ಕೊಟ್ಟು ತರುವ ಪದಾರ್ಥಗಳಾಗಿರಲಿಲ್ಲ. ಈಗ ಅಂಥ ಮನೆಗಳಿಗೂ ಪೇಟೆಯಿಂದ ಕೋಸು, ಟೊಮೆಟೊ ಚೀಲದಲ್ಲಿ ಬರುತ್ತಿವೆ. ಹಿತ್ತಿಲು ಮಾತ್ರ ಬರಿದಾಗುತ್ತಿದೆ.

ಒಬ್ಬ ವಯಸ್ಕ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಲೂಗಡ್ಡೆ, ಗೆಣಸು ಈ ಲೆಕ್ಕಕ್ಕೆ ಸೇರುವುದಿಲ್ಲ. ನಾಲ್ಕು ಜನ ದೊಡ್ಡವರಿರುವ ಮನೆಗೆ ದಿನಕ್ಕೆ ಒಂದೂವರೆ ಕಿಲೋಗೂ ಹೆಚ್ಚು ಬೇಕು. ಇಷ್ಟನ್ನೂ ಕೊಂಡೇ ತಿನ್ನುವುದಾದರೆ ಎಷ್ಟು ಮನೆಗಳಿಗೆ ಸಾಧ್ಯ, ನೀವೇ ಯೋಚಿಸಿ.

ಹಿತ್ತಿಲು ಉಳಿಯಬೇಕಾದರೆ ಮೊದಲು ಬೀಜ ಉಳಿಯಬೇಕು. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು. ನಾಟಿ ತಳಿಯದನ್ನು ಎತ್ತಿಟ್ಟು ಮತ್ತೆ ಬಿತ್ತಬಹುದು. ಶಿರಸಿ ಸೀಮೆಯಲ್ಲಿ 2001ರಲ್ಲಿ ಆರಂಭವಾದ 'ವನಸ್ತ್ರೀ' ಸಂಘಟನೆಯ ಮಹಿಳೆಯರು ಈ ಕೆಲಸವನ್ನೇ ಮಾಡುತ್ತ ಬಂದಿದ್ದಾರೆ. ಬೀಜ ಕಾಪಿಡುವುದು, ಪರಸ್ಪರ ಹಂಚಿಕೊಳ್ಳುವುದು, 'ಮಲೆನಾಡು ಮೇಳ'ದಲ್ಲಿ ಮಾರುವುದು. ಇದರಿಂದ ಗೃಹಿಣಿಯ ಕೈಗೆ ನಾಲ್ಕು ಕಾಸು, ತಟ್ಟೆಗೆ ಸೊಪ್ಪು.

ಸಾವಯವ ತರಕಾರಿ ತಿಂದರೆ ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಅದರಲ್ಲಿ ಕೀಟನಾಶಕದ ಅಂಶ ಕಡಿಮೆ, ಅಷ್ಟೇ. ಪೇಟೆಯ ತರಕಾರಿಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದರೆ ಮೇಲಿನ ಅಂಶ ತಗ್ಗುತ್ತದೆ. ಒಳಗೆ ಹೀರಿಕೊಂಡದ್ದು ಹೋಗುವುದಿಲ್ಲ. ಇನ್ನು ಔಷಧಿ ಹೊಡೆಯುವವನ ಮೈಮೇಲೆ ಬೀಳುವ ವಿಷವನ್ನು ತೊಳೆಯುವವರು ಯಾರು? ಕಾಸರಗೋಡಿನ ಗೇರುತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ನಮಗೆ ಗೊತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕುವ ಹೊತ್ತಿಗೆ ಅನೇಕ ಕುಟುಂಬಗಳು ನೊಂದಾಗಿತ್ತು.

ಪಟ್ಟಣಗಳಲ್ಲಿ ಈಗ ಸಾವಯವ ಪದಾರ್ಥಗಳನ್ನು ಮನೆಬಾಗಿಲಿಗೆ ತಲುಪಿಸುವ ಹೊಸ ಕಂಪೆನಿಗಳು ಹುಟ್ಟಿಕೊಂಡಿವೆ. ಒಳ್ಳೆಯದೇ. ಆದರೆ ಯಾವ ಊರಿನದು, ಬೆಳೆದವರಿಗೆ ಎಷ್ಟು ಸಿಕ್ಕಿತು ಎಂದು ಕೇಳಿ ಕೊಳ್ಳಿ.

ಅಡಿಕೆ ಬೆಳೆಗಾರರು ಒಗ್ಗಟ್ಟಾಗಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ್ದು 1923ರಲ್ಲಿ. ನೂರು ವರ್ಷಗಳ ಸಹಕಾರದ ಅನುಭವ ಇರುವ ಈ ಸೀಮೆಯಲ್ಲಿ ಹಿತ್ತಿಲ ಸೊಪ್ಪಿಗೊಂದು ಕಟ್ಟೆ ಸಿಗಬಾರದೇ? ಪ್ರತಿ ಊರಿನ ಸೊಸೈಟಿಯೂ ವಾರಕ್ಕೊಂದು ದಿನ ಹೆಂಗಸರ ತರಕಾರಿಗೆ, ಬೀಜಕ್ಕೆ ಜಾಗ ಕೊಡಲಿ. ನಾವು ಕೊಳ್ಳುವವರು ಹುಳ ಕಡಿದ ಒಂದು ಎಲೆ ಕಂಡೊಡನೆ ಮುಖ ಸಿಂಡರಿಸದಿದ್ದರೆ ಸಾಕು. ಈ ಮಳೆಗಾಲಕ್ಕೆ ನಿಮ್ಮ ಅಂಗಳದಲ್ಲೂ ಒಂದು ಬಸಳೆ ಚಪ್ಪರ ಏಳಲಿ.