ಸಾಸಿವೆ ಡಬ್ಬಿಯೂ ಮೋಟಾರು ಕಾರೂ

ಬಾಗಿಲಿಗೆ ಬೀಗ ಹಾಕುವುದು ಒಂದು ಬುದ್ಧಿ. ಹಣವನ್ನು ಸಾಸಿವೆ ಡಬ್ಬಿಯಲ್ಲಿಡುವುದು ಇನ್ನೊಂದು ಬುದ್ಧಿ. ಬೀಗವು ಎಲ್ಲರ ಕಣ್ಣಿಗೂ ಬೀಳುತ್ತದೆ. ‘ಮುರಿಯಬೇಕಾದದ್ದು ಇಲ್ಲಿ’ ಎಂದು ಕಳ್ಳನಿಗೆ ಅದೇ ದಾರಿ ತೋರಿಸುತ್ತದೆ. ಸಾಸಿವೆ ಡಬ್ಬಿಯಾದರೋ ಏನನ್ನೂ ಸಾರುವುದಿಲ್ಲ. ಅದನ್ನು ತೆರೆಯಲು ಬಲ ಬೇಡ, ಹುಡುಕಲು ಸಮಯ ಬೇಕು. ಕಳ್ಳನ ಬಳಿ ಇಲ್ಲದಿರುವುದು ಸಮಯವೇ. ಅಡುಗೆಮನೆಯ ಈ ಜಾಣತನವನ್ನು ಮೋಟಾರು ಕಾರಿಗೆ ಅನ್ವಯಿಸಿದರೆ ದೊರೆಯುವುದೇ ಗುಪ್ತ ಸ್ವಿಚ್ಚು. ಕಾರು ಹೊರಡಲು ಅವಶ್ಯವಾದ ಯಾವುದಾದರೊಂದು ತಂತಿಯ ನಡುವೆ, ಪರರ ಕಣ್ಣಿಗೆ ಬೀಳದಂತೆ ಕೂರಿಸಿದ ಪುಟ್ಟ ಗುಂಡಿ ಅದು.

ಬೀಗವನ್ನು ನಂಬದೆ, ಯಂತ್ರವನ್ನೇ ಕುಂಟುಮಾಡಿ ಕಾಪಾಡುವ ಉಪಾಯ ಹೊಸದೇನೂ ಅಲ್ಲ. 1940ರಲ್ಲಿ ಜರ್ಮನ್ ಸೈನ್ಯವು ಬ್ರಿಟನ್ನಿನ ಮೇಲೆ ಇಳಿಯಬಹುದೆಂಬ ಭೀತಿಯಿದ್ದಾಗ, ನಿಲ್ಲಿಸಿ ಹೋದ ಕಾರುಗಳು ಶತ್ರುವಿಗೆ ಉಪಯೋಗಕ್ಕೆ ಬಾರದಂತೆ ಮಾಡಬೇಕೆಂದು ಅಲ್ಲಿನ ಸರ್ಕಾರವು ಮಾಲೀಕರಿಗೆ ಅಪ್ಪಣೆ ಮಾಡಿತು. ಬಾನೆಟ್ ತೆರೆದು, ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ‘ರೋಟರ್’ ಎಂಬ ಚಿಕ್ಕ ತುಂಡನ್ನು ತೆಗೆದು ಜೇಬಿಗೆ ಹಾಕಿಕೊಂಡರೆ ಸಾಕಾಗಿತ್ತು. ಆ ತುಂಡಿಲ್ಲದೆ ವಿದ್ಯುತ್ತಿನ ಕಿಡಿ ಸಿಲಿಂಡರುಗಳನ್ನು ತಲುಪದು. ಕಿಡಿಯಿಲ್ಲದೆ ಪೆಟ್ರೋಲು ಉರಿಯದು. ಗುಪ್ತ ಸ್ವಿಚ್ಚು ಮಾಡುವುದೂ ಇಂಥದೇ ಕೆಲಸ. ಆದರೆ ಬಾನೆಟ್ ಎತ್ತದೆ, ಕೈಗೆ ಮಸಿ ಹತ್ತದೆ ಮಾಡುತ್ತದೆ.

‘ಈಗಿನ ಕಾರುಗಳಲ್ಲಿ ಇದೆಲ್ಲ ಏತಕ್ಕೆ? ಬೀಗದ ಕೈಯಲ್ಲಿಯೇ ರಹಸ್ಯವಿರುತ್ತದೆಯಲ್ಲ’ ಎಂದು ವಾಚಕರು ಕೇಳಬಹುದು. ನಿಜ. ಇಮೊಬಿಲೈಸರ್ ಎಂಬ ಸಾಧನವುಳ್ಳ ಕಾರಿನ ಕೀಲಿಯೊಳಗೆ ಪುಟ್ಟದೊಂದು ಚಿಪ್ ಇರುತ್ತದೆ. ಅದು ಹೇಳುವ ಸಂಕೇತವು ಸರಿಹೊಂದದಿದ್ದರೆ ಇಂಜಿನ್ ಚಾಲೂ ಆಗದು. ಯುರೋಪಿನ ಒಕ್ಕೂಟವು 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಕೆನಡಾ ದೇಶವು 2007ರಲ್ಲಿ. ಇದರ ಫಲವೂ ಅಲ್ಪವಲ್ಲ. ವಾನ್ ಔರ್ಸ್ ಮತ್ತು ವೊಲ್ಲಾರ್ಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ನೆದರ್ಲೆಂಡ್ಸಿನ ಲೆಕ್ಕಗಳನ್ನು ಪರಿಶೀಲಿಸಿ, ಈ ಸಾಧನದಿಂದ ಅಲ್ಲಿ ಕಾರುಗಳ್ಳತನವು ಸರಾಸರಿ ಶೇಕಡಾ 40ರಷ್ಟು ಇಳಿಯಿತೆಂದು ಅಂದಾಜು ಮಾಡಿದ್ದಾರೆ.

ಸಾಧನವಿಲ್ಲದಿದ್ದರೆ ಏನಾಗುವುದೆಂಬುದನ್ನು ಅಮೆರಿಕ ತೋರಿಸಿಕೊಟ್ಟಿತು. ಅಲ್ಲಿ ಇಮೊಬಿಲೈಸರ್ ಕಡ್ಡಾಯವಾಗಿರಲಿಲ್ಲ. ಆದುದರಿಂದ ಹ್ಯುಂಡೈ ಮತ್ತು ಕಿಯಾ ಸಂಸ್ಥೆಗಳು 2010ರ ದಶಕದಲ್ಲಿ ಅಲ್ಲಿ ಮಾರಿದ ಅನೇಕ ಅಗ್ಗದ ಮಾದರಿಗಳಲ್ಲಿ ಅದು ಇರಲೇ ಇಲ್ಲ. ಇದರ ಗುಟ್ಟನ್ನು ತಿಳಿದ ಪಡ್ಡೆ ಹುಡುಗರು ಕಳವನ್ನೇ ಆಟವಾಗಿಸಿ, ಅದರ ಚಿತ್ರಗಳನ್ನು ಟಿಕ್‌ಟಾಕಿನಲ್ಲಿ ಹರಡಿದರು. 2021ರಲ್ಲಿ ಮಿಲ್ವಾಕಿ ನಗರದಲ್ಲಿ ಕಳುವಾದ ಕಾರುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಎರಡು ಸಂಸ್ಥೆಗಳವೇ ಆಗಿದ್ದವು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, 2023ರ ಫೆಬ್ರವರಿಯಲ್ಲಿ ಸುಮಾರು 83 ಲಕ್ಷ ಕಾರುಗಳಿಗೆ ಉಚಿತವಾಗಿ ಸಾಫ್ಟ್‌ವೇರ್ ಬದಲಾಯಿಸಿಕೊಡುವ ಏರ್ಪಾಡು ಪ್ರಕಟವಾಯಿತು. ಅದರ ಜೊತೆಗೆ ಹಂಚಿದ್ದು ಯಾವುದನ್ನು? ಸ್ಟಿಯರಿಂಗ್ ಚಕ್ರಕ್ಕೆ ಅಡ್ಡ ಹಾಕುವ ಹಳೆಯ ಕಾಲದ ಬೀಗವನ್ನು!

ಇನ್ನು ಚಿಪ್ ಇರುವ ಕಾರಿಗಾದರೂ ಭಯವಿಲ್ಲವೇ? ಚಾಪೆಯ ಕೆಳಗೆ ಒಬ್ಬ ತೂರಿದರೆ ರಂಗೋಲಿಯ ಕೆಳಗೆ ಇನ್ನೊಬ್ಬ ತೂರುತ್ತಾನೆ. ಗುಂಡಿಯೊತ್ತಿ ಹೊರಡಿಸುವ ಕಾರುಗಳ ಕೀಲಿಯು ಮನೆಯೊಳಗೆ ಗೂಟಕ್ಕೆ ತೂಗುಹಾಕಿದ್ದರೂ, ಅದರ ರೇಡಿಯೋ ಸಂಕೇತವನ್ನು ಹೊರಗಿನಿಂದಲೇ ಹಿಡಿದು ಕಾರಿಗೆ ಮುಟ್ಟಿಸುವ ಕಳ್ಳರು ಹುಟ್ಟಿಕೊಂಡಿದ್ದಾರೆ. ಮಾತನಾಡುವ ಬೀಗದ ಮಾತನ್ನು ಕದ್ದು ಕೇಳಬಹುದು. ಗುಪ್ತ ಸ್ವಿಚ್ಚು ಯಾರೊಡನೆಯೂ ಮಾತನಾಡುವುದಿಲ್ಲ. ಅದರ ಬಲವೆಲ್ಲ ಆ ಮೌನದಲ್ಲಿದೆ.

ಆದರೆ ಯಾವ ತಂತಿಯನ್ನು ತಡೆಯಬೇಕು? ವಿವೇಕ ಬೇಕಾದದ್ದು ಇಲ್ಲಿ. ಮುಖ್ಯವಾಗಿ ಎರಡು ದಾರಿಗಳಿವೆ. ಇಂಧನದ ಪಂಪಿಗೆ ಹೋಗುವ ವಿದ್ಯುತ್ತನ್ನು ತಡೆದರೆ, ಕಾರು ಹೊರಟು, ಉಳಿದ ಪೆಟ್ರೋಲು ಮುಗಿದೊಡನೆ ನಿಂತುಬಿಡುತ್ತದೆ. ಕಳ್ಳನು ಕೆಟ್ಟ ಕಾರೆಂದು ಬಿಟ್ಟೋಡುತ್ತಾನೆ. ಕೇಳಲು ಸೊಗಸಾಗಿದೆ. ಆದರೆ ಆ ಸ್ವಿಚ್ಚೇ ಸಡಿಲಗೊಂಡರೆ, ಹೆದ್ದಾರಿಯಲ್ಲಿ ಲಾರಿಗಳ ನಡುವೆ ಮಾಲೀಕನ ಇಂಜಿನ್ನೇ ನಿಂತುಹೋದೀತು. ಆಗ ಸ್ಟಿಯರಿಂಗ್ ಭಾರವಾಗುತ್ತದೆ, ಬ್ರೇಕಿಗೆ ದೊರೆಯುತ್ತಿದ್ದ ನೆರವೂ ತಪ್ಪುತ್ತದೆ. ಕಾರನ್ನು ಉಳಿಸಹೋಗಿ ಸಂಸಾರವನ್ನು ಅಪಾಯಕ್ಕೆ ಒಡ್ಡಿದಂತಾಗುವುದು. ಎರಡನೆಯ ದಾರಿ ಸ್ಟಾರ್ಟರಿನದು. ಸ್ಟಾರ್ಟರ್ ಮೋಟಾರಿಗೆ ಕೆಲಸವಿರುವುದು ಹೊರಡುವ ಗಳಿಗೆಯಲ್ಲಿ ಮಾತ್ರ. ಅದರ ತಂತಿಯಲ್ಲಿಟ್ಟ ಸ್ವಿಚ್ಚು ಕೆಟ್ಟರೆ ಕಾರು ಮನೆಯ ಮುಂದೆಯೇ ನಿಂತಿರುವುದಲ್ಲದೆ, ನಡುದಾರಿಯಲ್ಲಿ ಇಂಜಿನ್ನನ್ನು ಎಂದಿಗೂ ನಿಲ್ಲಿಸದು.

ಇದಕ್ಕೊಂದು ಕೊರತೆಯೂ ಉಂಟು. ಕೈಯಿಂದ ಗೇರ್ ಹಾಕುವ ಕಾರನ್ನು ನಾಲ್ಕು ಜನ ತಳ್ಳಿಯೂ ಹೊರಡಿಸಬಹುದೆಂಬುದು ನಮ್ಮ ದೇಶದ ಮಕ್ಕಳಿಗೂ ಗೊತ್ತು. ಆದರೂ ರಾತ್ರಿಯ ಹೊತ್ತು ಕಾರನ್ನು ಬೀದಿಯುದ್ದಕ್ಕೂ ತಳ್ಳುತ್ತ ಹೋಗುವ ಧೈರ್ಯ ಎಷ್ಟು ಕಳ್ಳರಿಗಿದ್ದೀತು?

ಸ್ಟಾರ್ಟರಿನ ದಪ್ಪ ತಂತಿಗೆ ಮಾತ್ರ ಕೈಹಾಕಕೂಡದು. ಹೊರಡುವಾಗ ಅದರಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ ಹರಿಯುವುದುಂಟು. ಚಿಕ್ಕ ಗುಂಡಿಯೊಂದನ್ನು ಅಲ್ಲಿಟ್ಟರೆ ಅದು ಸುಟ್ಟುಹೋಗುವುದು ಖಂಡಿತ. ಸ್ಟಾರ್ಟರನ್ನು ಎಬ್ಬಿಸುವ ರಿಲೇ ಎಂಬ ಪೆಟ್ಟಿಗೆಗೆ ಹೋಗುವ ಸಣ್ಣ ತಂತಿಯಲ್ಲಿ ಒಂದು ಆಂಪಿಯರಿನ ಅಲ್ಪಾಂಶ ಮಾತ್ರ ಹರಿಯುತ್ತದೆ. ಸ್ವಿಚ್ಚಿಗೆ ಯೋಗ್ಯವಾದ ಸ್ಥಾನ ಅದೇ. ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಜೋಡಣೆಗಳನ್ನು ಬೆಸುಗೆ ಹಾಕಿ ಮುಚ್ಚಬೇಕು. ತಂತಿಯು ತಗಡನ್ನು ತೂರುವ ಕಡೆ ರಬ್ಬರಿನ ಬಳೆ ಇರಬೇಕು. ಇಲ್ಲವಾದರೆ ತಗಡಿನ ಅಂಚು ತಂತಿಯ ಹೊದಿಕೆಯನ್ನು ಕೊರೆದು ಬೆಂಕಿಗೆ ಕಾರಣವಾದೀತು. ಹಳದಿ ಬಣ್ಣದ ಹೊದಿಕೆಯುಳ್ಳ ತಂತಿಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವುಗಳ ಹತ್ತಿರವೂ ಸುಳಿಯಬಾರದು. ನುರಿತ ಎಲೆಕ್ಟ್ರಿಷಿಯನ್ನನಿಗೆ ಇದು ಕೆಲವೇ ಗಂಟೆಗಳ ಕೆಲಸ. ವಾರಂಟಿ ಮುಗಿಯದ ಕಾರಾದರೆ, ತಂತಿ ಕತ್ತರಿಸುವ ಮುನ್ನ ಮಾರಿದವರನ್ನು ವಿಚಾರಿಸುವುದು ಲೇಸು.

ಗುಂಡಿಯನ್ನು ಎಲ್ಲಿ ಅಡಗಿಸಬೇಕೆಂಬುದನ್ನು ಪತ್ರಿಕೆಯಲ್ಲಿ ಅಚ್ಚುಹಾಕಿದರೆ ಅದು ಗುಪ್ತವಾಗಿ ಉಳಿಯುವುದಿಲ್ಲವಷ್ಟೆ! ಇಷ್ಟನ್ನು ಮಾತ್ರ ಹೇಳಬಹುದು: ಸ್ಟಿಯರಿಂಗಿನ ಕೆಳಗೆ ಎಲ್ಲರೂ ಅಡಗಿಸುತ್ತಾರೆ, ಆದ್ದರಿಂದ ಕಳ್ಳನ ಕೈ ಮೊದಲು ಹೋಗುವುದೂ ಅಲ್ಲಿಗೇ. ಆಸನದಲ್ಲಿ ಕುಳಿತಂತೆಯೇ ಕೈಗೆ ಎಟುಕುವ, ಆದರೆ ಅಲ್ಲಿ ಗುಂಡಿಯಿದ್ದೀತೆಂದು ತೋರದ ಸ್ಥಳವೇ ಉತ್ತಮ.

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವ ಪ್ರಶ್ನೆ ತಂತಿಯದಲ್ಲ, ಮನೆಯದು. ಯಜಮಾನರು ಪರಸ್ಥಳಕ್ಕೆ ಹೋಗಿದ್ದಾರೆ. ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಳ್ಳುತ್ತದೆ. ಕಾರು ನಡೆಸಬಲ್ಲ ಸೊಸೆ ಕೀಲಿ ತಿರುಗಿಸುತ್ತಾಳೆ, ಇಂಜಿನ್ ಮಿಸುಕದು. ಗುಂಡಿಯ ಸುದ್ದಿಯನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಅಂಥ ಗಳಿಗೆಯಲ್ಲಿ ಆ ಸ್ವಿಚ್ಚು ಕಳ್ಳನಿಂದ ಕಾರನ್ನು ಕಾಯುತ್ತಿಲ್ಲ. ಮನೆಯವರಿಗೇ ಅಡ್ಡ ನಿಂತಿದೆ. ಸಾಸಿವೆ ಡಬ್ಬಿಯ ಗುಟ್ಟನ್ನೂ ಹಿಂದಿನ ಅಜ್ಜಿಯರು ಸೊಸೆಯೊಬ್ಬಳಿಗಾದರೂ ತಿಳಿಸಿಯೇ ಕಣ್ಣುಮುಚ್ಚುತ್ತಿದ್ದರು. ಯಾರಿಗೂ ಹೇಳದ ಗುಟ್ಟು ಕಳೆದುಹೋದ ಗುಟ್ಟಿಗೆ ಸಮಾನ.

ಆದುದರಿಂದ ಕಾರು ನಡೆಸುವ ಮನೆಮಂದಿಯೆಲ್ಲರಿಗೂ ಗುಂಡಿಯನ್ನು ತೋರಿಸಿ, ಒಮ್ಮೆ ಕತ್ತಲಲ್ಲಿಯೂ ಒತ್ತಿಸಿ ಅಭ್ಯಾಸಮಾಡಿಸತಕ್ಕದ್ದು. ರಿಪೇರಿಗೆ ಬಿಡುವಾಗ ಸ್ವಿಚ್ಚನ್ನು ಚಾಲೂ ಸ್ಥಿತಿಯಲ್ಲಿಟ್ಟು ಬಂದರೆ ಮೆಕ್ಯಾನಿಕ್ಕಿಗೆ ಸ್ಥಳ ಹೇಳುವ ಪ್ರಮೇಯವೇ ಬಾರದು. ಕಾರನ್ನು ಎಳೆದೊಯ್ಯುವ ಕಳ್ಳನನ್ನಾಗಲಿ, ಗಾಜು ಒಡೆದು ಚೀಲ ಕದಿಯುವವನನ್ನಾಗಲಿ ಈ ಗುಂಡಿ ತಡೆಯಲಾರದೆಂಬುದೂ ನೆನಪಿರಲಿ. ಮುಂದೊಂದು ದಿನ ಕಾರನ್ನು ಮಾರುವಾಗ, ಕಾಗದಪತ್ರ ಮತ್ತು ಎರಡು ಬೀಗದ ಕೈಗಳೊಡನೆ ಈ ಗುಟ್ಟನ್ನೂ ಕೊಂಡವರ ಕೈಗೆ ಒಪ್ಪಿಸುವುದು ಮಾರುವವರ ಧರ್ಮ.