ಸಾಕು ಹಾವಿಗೆ ಬೇಕಾದದ್ದು ಪ್ರಮಾಣಪತ್ರವಷ್ಟೇ ಅಲ್ಲ

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದಿದ್ದ ಸಾಮಾನುಗಳೊಳಗೆ 55 ಬಾಲ್ ಪೈಥಾನ್‌ಗಳು ಮತ್ತು 17 ಕಾಳಿಂಗ ಸರ್ಪಗಳು ಪತ್ತೆಯಾದವು. 2024ರ ಏಪ್ರಿಲ್‌ನಲ್ಲಿ ಅದೇ ದಾರಿಯಲ್ಲಿ 10 ಹಳದಿ ಅನಕೊಂಡಗಳು ಬಂದವು. ಬೇಡಿಕೆಯಿಲ್ಲದೆ ಪೂರೈಕೆ ಇರುವುದಿಲ್ಲ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ನಗರದ ಮನೆಗಳಲ್ಲಿ ಇಂಥ ಹಾವುಗಳನ್ನು ಸಾಕುವ ಹವ್ಯಾಸ ಬೆಳೆಯುತ್ತಿದೆ ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು. ನಮ್ಮ ಚರ್ಚೆ ಮಾತ್ರ ಕಳ್ಳಸಾಗಣೆಯ ಸುದ್ದಿಗೇ ನಿಂತುಬಿಡುತ್ತದೆ. ಗಾಜಿನ ಪೆಟ್ಟಿಗೆ ಸೇರಿದ ಮೇಲೆ ಆ ಜೀವ ಹೇಗೆ ಬದುಕುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವಿದೇಶಿ ತಳಿಗಳ ಸ್ಥಿತಿ ಬೇರೆ. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅವುಗಳ ಒಡೆತನವನ್ನು ಸ್ವಯಂಪ್ರೇರಣೆಯಿಂದ ಘೋಷಿಸಲು ಅವಕಾಶ ನೀಡಿತು. 2022ರ ತಿದ್ದುಪಡಿಯು ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಕಾಯ್ದೆಯ ನಾಲ್ಕನೆಯ ಅನುಸೂಚಿಯ ವ್ಯಾಪ್ತಿಗೆ ತಂದಿತು. 2024ರ ನಿಯಮಗಳು ಪರಿವೇಶ್ ಜಾಲತಾಣದಲ್ಲಿ ನೋಂದಣಿಯನ್ನು ಕಡ್ಡಾಯಗೊಳಿಸಿದವು. ಇವೆಲ್ಲ ಸ್ವಾಗತಾರ್ಹ ಕ್ರಮಗಳೇ. ಆದರೆ ಇವುಗಳ ತಿರುಳು ಇರುವುದು ಒಡೆತನ, ಹುಟ್ಟು, ಸಾವು, ಹಸ್ತಾಂತರಗಳ ಲೆಕ್ಕದಲ್ಲಿ. ಬದುಕಿನ ಗುಣಮಟ್ಟವನ್ನು ಲೆಕ್ಕದ ಪುಸ್ತಕ ಅಳೆಯಲಾರದು ಎಂಬುದನ್ನು ಮೂರು ದಶಕಗಳ ಕಾಲ ಕಡತಗಳ ನಡುವೆ ಕಳೆದ ನಾನು ಬಲ್ಲೆ.

ಹಾವಿನ ಮಟ್ಟಿಗೆ ಆ ಗುಣಮಟ್ಟವನ್ನು ಬಹುಪಾಲು ನಿರ್ಧರಿಸುವುದು ಶಾಖ. ನಮ್ಮಂತೆ ಹಾವು ತನ್ನ ಮೈಬಿಸಿಯನ್ನು ತಾನೇ ಉತ್ಪಾದಿಸಿಕೊಳ್ಳುವುದಿಲ್ಲ. ಸುತ್ತಲಿನ ಪರಿಸರದಿಂದ ಪಡೆಯುತ್ತದೆ. ಜೀರ್ಣಕ್ರಿಯೆ, ರೋಗನಿರೋಧಕ ಶಕ್ತಿ, ಚಲನೆ ಎಲ್ಲವೂ ಆ ಬಿಸಿಯನ್ನೇ ಅವಲಂಬಿಸಿವೆ. ಶಾಖ ಸಾಲದಿದ್ದರೆ ನುಂಗಿದ ಇಲಿಯನ್ನು ಹೊರಗೆ ಕಕ್ಕುತ್ತದೆ. ಶ್ವಾಸಕೋಶದ ಸೋಂಕಿಗೆ ಸುಲಭವಾಗಿ ತುತ್ತಾಗುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25ರಿಂದ 27 ಡಿಗ್ರಿ ಇರಬೇಕು. ಈ ಎರಡು ತುದಿಗಳ ನಡುವೆ ಹರಿದಾಡಿ ಹಾವು ತನಗೆ ಬೇಕಾದ ಬಿಸಿಯನ್ನು ತಾನೇ ಆರಿಸಿಕೊಳ್ಳುತ್ತದೆ. ಸೆರೆಯಲ್ಲಿರುವ ಪ್ರಾಣಿಗೆ ಉಳಿದಿರುವ ಸ್ವಾತಂತ್ರ್ಯ ಅಷ್ಟೇ.

ಈ ಶಾಖವನ್ನು ಒದಗಿಸಲು ಮಾರುಕಟ್ಟೆಯಲ್ಲಿ ಹಲವು ಸಾಧನಗಳಿವೆ, ಎಲ್ಲವೂ ಸಮಾನವಲ್ಲ. ಒಳಗೆ ವಿದ್ಯುತ್ ತಂತಿಯಿರುವ ಕೃತಕ ಬಿಸಿಕಲ್ಲು ಅತ್ಯಂತ ಅಪಾಯಕಾರಿ. ಮೈ ಸುಡುತ್ತಿದ್ದರೂ ಹಾವು ಅದರ ಮೇಲಿಂದ ಸರಿಯದೆ ಉಳಿಯುವುದುಂಟು. ಪಶುವೈದ್ಯರು ಕಾಣುವ ಸುಟ್ಟಗಾಯಗಳಿಗೆ ಇದು ಪರಿಚಿತ ಕಾರಣ. ಪೆಟ್ಟಿಗೆಯ ತಳಕ್ಕೆ ಅಂಟಿಸುವ ಹೀಟ್ ಮ್ಯಾಟ್ ಅಗ್ಗ, ಆದರೆ ಅದು ಗಾಳಿಯನ್ನು ಹೆಚ್ಚು ಬೆಚ್ಚಗಾಗಿಸದು. ಮೇಲೆ ದಪ್ಪನೆಯ ಹಾಸು ಇದ್ದರೆ ಶಾಖ ಕೆಳಗೇ ಕೂಡಿಕೊಳ್ಳುತ್ತದೆ. ಹಗಲಿಗೆ ಹ್ಯಾಲೊಜೆನ್ ದೀಪ ಉತ್ತಮ. ಸೂರ್ಯನಂತೆ ಮೇಲಿನಿಂದ ಬರುವ ಅದರ ಅವಕೆಂಪು ಕಿರಣಗಳು ಚರ್ಮದ ಕೆಳಗಿನ ಅಂಗಾಂಶವನ್ನೂ ಮುಟ್ಟುತ್ತವೆ. ಬೆಳಕನ್ನೇ ಸೂಸದ ಸೆರಾಮಿಕ್ ಹೀಟರ್ ರಾತ್ರಿಗೆ ಸೂಕ್ತ. ಆದರೆ ಅದು ಗಾಳಿಯ ತೇವವನ್ನು ಹೀರುವುದರಿಂದ ನೀರಿನ ಪಾತ್ರೆಯ ಮೇಲೆ ಕಣ್ಣಿಡಬೇಕು. ಹಾವಿನ ಮೈ ತಾಗದಂತೆ ಈ ಎರಡಕ್ಕೂ ತಂತಿಯ ಬಲೆಯ ರಕ್ಷಣೆ ಬೇಕು. ಬೆಳಕಿಗಾಗಿ ಬಳಸಿದಾಗ ತನ್ನ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಪೋಲು ಮಾಡುತ್ತದೆಂದು ನಾವು ಹಳೆಯ ತಂತಿಬಲ್ಬನ್ನು ಕೈಬಿಟ್ಟೆವು. 2015ರ ಉಜಾಲಾ ಯೋಜನೆ ಮನೆಮನೆಗೆ ಎಲ್‌ಇಡಿ ತಂದಿತು. ಮನುಷ್ಯನಿಗೆ ಪೋಲಾದದ್ದು ಹಾವಿಗೆ ಪ್ರಯೋಜನ; ಎಲ್‌ಇಡಿ ದೀಪ ಹಾವಿನ ಗೂಡನ್ನು ಬೆಚ್ಚಗಿಡಲಾರದು.

ಯಾವ ಸಾಧನವನ್ನೇ ಆರಿಸಲಿ, ಥರ್ಮೋಸ್ಟಾಟ್ ಇಲ್ಲದೆ ಅದನ್ನು ಹಚ್ಚಬಾರದು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಾಪಮಾನ 15-16 ಡಿಗ್ರಿಗೆ ಇಳಿಯುತ್ತದೆ. 2016ರ ಏಪ್ರಿಲ್‌ನಲ್ಲಿ ಅದು 39.2 ಡಿಗ್ರಿ ಮುಟ್ಟಿತ್ತು. ಒಂದೇ ದೀಪವನ್ನು ವರ್ಷವಿಡೀ ಒಂದೇ ರೀತಿ ಉರಿಸಿದರೆ ಚಳಿಗಾಲದಲ್ಲಿ ಸಾಲದು, ಬೇಸಿಗೆಯಲ್ಲಿ ಕೊಲ್ಲುತ್ತದೆ. ವಿದ್ಯುತ್ ಕಡಿತವಾದಾಗ ಏನು ಮಾಡಬೇಕೆಂಬ ಯೋಜನೆಯೂ ಸಾಕುವವರಲ್ಲಿ ಇರಬೇಕು.

ಖರ್ಚಿನ ಲೆಕ್ಕವನ್ನೂ ನೋಡೋಣ. 75 ವಾಟ್‌ನ ದೀಪ ದಿನಕ್ಕೆ ಹತ್ತು ಗಂಟೆ ಉರಿದರೆ ವರ್ಷಕ್ಕೆ ಸುಮಾರು 270 ಯೂನಿಟ್. ಬಾಲ್ ಪೈಥಾನ್ ಸೆರೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಹಾವಿನ ಬೆಲೆ ಒಮ್ಮೆ ತೆರುವ ಹಣ. ಶಾಖದ ಬೆಲೆ ಎರಡು ದಶಕಗಳ ಕಂತು. ಮಾರುವವನು ಇದನ್ನು ಬಲ್ಲ, ಕೊಳ್ಳುವ ಹುಡುಗ ಅರಿಯ. ಮಾರಾಟಗಾರನಿಗಿರುವ ತಿಳಿವಳಿಕೆ ಕೊಳ್ಳುವವನಿಗಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಇಲ್ಲಿ ನಷ್ಟ ಅನುಭವಿಸುವುದು ಕೊಳ್ಳುವವನಿಗಿಂತ ಹೆಚ್ಚಾಗಿ ಬಾಯಿಲ್ಲದ ಆ ಜೀವ.

ಹಾವು ಸಾಕುವುದೇ ತಪ್ಪೆಂದಾದರೆ ದೀಪದ ಚರ್ಚೆ ಏಕೆ ಎಂದು ಕೆಲವರು ಕೇಳಬಹುದು. ಆಮದಿಗೆ ಕಡಿವಾಣ ಹಾಕಬೇಕೆಂಬುದಕ್ಕೆ ನನ್ನ ಪೂರ್ಣ ಸಹಮತವಿದೆ. ಆದರೆ ಈಗಾಗಲೇ ನಮ್ಮ ಮನೆಗಳಲ್ಲಿರುವ ಹಾವುಗಳನ್ನು ಕಾಡಿಗೆ ಬಿಡುವಂತಿಲ್ಲ. ಸಾಕಣೆಯಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗು ಪ್ರದೇಶದಲ್ಲಿ ಸ್ಥಳೀಯ ಪ್ರಾಣಿಗಳಿಗೆ ಮಾಡಿದ ಹಾನಿ ಜಗತ್ತಿಗೇ ತಿಳಿದಿದೆ. ಇವು ಇಲ್ಲಿಯೇ ಬಾಳಬೇಕಾದವು.

ಪ್ರಾಣಿಯ ಕ್ಷೇಮವನ್ನು ಕಾಯುವುದು ಅದನ್ನು ಇಟ್ಟುಕೊಂಡವರ ಕರ್ತವ್ಯವೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೆಯ ಸೆಕ್ಷನ್ ಹೇಳುತ್ತದೆ. ಅದರ ವ್ಯಾಖ್ಯೆಯಲ್ಲಿ ಹಾವೂ ಪ್ರಾಣಿಯೇ. ಆದರೆ 11ನೆಯ ಸೆಕ್ಷನ್ನಿನಲ್ಲಿ ಮೊದಲ ಅಪರಾಧಕ್ಕೆ ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ. ಒಳ್ಳೆಯ ಥರ್ಮೋಸ್ಟಾಟಿನ ಬೆಲೆ ಅದರ ಹಲವು ಪಟ್ಟು. ನಿರ್ಲಕ್ಷ್ಯವೇ ಅಗ್ಗವಾಗಿರುವಲ್ಲಿ ಕಾಳಜಿಯನ್ನು ನಿರೀಕ್ಷಿಸುವುದು ಹೇಗೆ?

ಆದ್ದರಿಂದ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಪ್ರತಿ ಮಾರಾಟ ಅಥವಾ ಹಸ್ತಾಂತರದ ಜೊತೆ ಶಾಖ, ತೇವ ಮತ್ತು ಆಹಾರದ ವಿವರಗಳ ಪತ್ರವನ್ನು ಕೊಳ್ಳುವವರ ಭಾಷೆಯಲ್ಲಿ ಕೊಡುವುದು ಕಡ್ಡಾಯವಾಗಬೇಕು. ನೋಂದಣಿಯ ಪರಿಶೀಲನೆಗೆ ಬರುವ ಅಧಿಕಾರಿ ಕಾಗದಪತ್ರಗಳ ಜೊತೆಗೆ ಥರ್ಮೋಸ್ಟಾಟ್ ಮತ್ತು ಪೆಟ್ಟಿಗೆಯ ಎರಡು ತುದಿಗಳ ತಾಪವನ್ನೂ ನೋಡಬೇಕು. ಮೂರನೆಯದಾಗಿ, ಆರು ದಶಕ ದಾಟಿದ ದಂಡದ ಮೊತ್ತವನ್ನು ಸಂಸತ್ತು ಪರಿಷ್ಕರಿಸಬೇಕು. ಇವುಗಳಲ್ಲಿ ಮೊದಲ ಎರಡಕ್ಕೆ ದೊಡ್ಡ ಹಣವೇನೂ ಬೇಕಿಲ್ಲ. ಒಂದು ಸುತ್ತೋಲೆ, ಒಂದು ತಾಪಮಾಪಕ ಮತ್ತು ನೋಡುವ ಮನಸ್ಸು ಸಾಕು.